ಮೂರು ಡ್ರ್ಯಾಗನ್ ಸೇರಿ ಮುಚ್ಚಿಸಿದ ಬಾಯಿ

ನಂಬಬೇಡಿ, ನಿಮ್ಮ ಕೈಲಾದರೆ. ನನ್ನ ಬಾಯಿ ಮುಚ್ಚಿಸಿದ್ದು ಒಂದು ಚೀನೀ ಅಕ್ಷರ. ನಾವು ಬಂದು ನೆಲೆಸಿರುವ ಪರದೇಶದ ಬಡಾವಣೆ, ಇಡೀ ಮೀರಾ ಮೆಸಾದಲ್ಲಿ ಇನ್ಯಾರಿಗೂ ಆಗದಿದ್ದ ಕೆಲಸ ಅದು.

2024ರ ಚಳಿಗಾಲದ ಒಂದು ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಮುಖದ ಎಡಭಾಗ ಜೋತುಬಿದ್ದಿತ್ತು. ನರದ ಊತ, ವಾಸಿಯಾಗಬಹುದು, ಆಗದೆಯೂ ಇರಬಹುದು ಎಂದರು ಡಾಕ್ಟರು. ತುಟಿಗೆ ತುಟಿ ಕೂಡದು. ಕಾಫಿಯೆಲ್ಲ ಅಂಗಿಗೆ, ಪ-ಬ-ಮ ಎಲ್ಲ ಗಾಳಿಗೆ. ಊರಿಗೆಲ್ಲ ಕೀಟಲೆ ಮಾಡುತ್ತಿದ್ದವನು ಫೋನ್ ಎತ್ತುವುದನ್ನೇ ಬಿಟ್ಟೆ.

"ಜೀವನವೆಲ್ಲಾ ಬಾಯ್ಮುಚ್ರೀ ಅಂತ ಬಯ್ದೆ. ಈಗ ಮುಚ್ಲಿ ಅಂತ ಹರಕೆ ಹೊತ್ಕೊಂಡಿದೀನಿ, ನೋಡಿ ನನ್ ಗತಿ," ಎಂದಳು ಹೆಂಡತಿ. ನಗುತ್ತಲೇ ಹೇಳಿ, ಸೆರಗಿಲ್ಲದ್ದಕ್ಕೆ ಸ್ವೆಟರಿನ ತೋಳಲ್ಲಿ ಕಣ್ಣೊರೆಸಿಕೊಂಡಳು.

ಪಕ್ಕದ ಮನೆಯ ಮುದುಕ ದಕ್ಷಿಣ ಚೀನಾದ ಕ್ಯಾಂಟನ್ ಕಡೆಯ ನಿವೃತ್ತ ಮೇಷ್ಟ್ರು. ಚೀನೀ ಪಂಚಾಂಗದ ಡ್ರ್ಯಾಗನ್ ವರ್ಷ ಬಂತೆಂದು, ವೆಸ್ಟ್ ಕೊವಿನಾದ ಚೀನೀ ಅಂಗಡಿಯಿಂದ ತಂದ ಕೆಂಪು ಕಾಗದದ ಮೇಲೆ ಒಂದೇ ಅಕ್ಷರ ಬರೆದು ಬಾಗಿಲಿಗೆ ಅಂಟಿಸಿದ್ದ: 龘. ಡ್ರ್ಯಾಗನ್ ಎಂಬ ಅಕ್ಷರವನ್ನೇ ಮೂರು ಸಲ ಬರೆದು, ಎರಡರ ಮೇಲೆ ಒಂದನ್ನು ಹತ್ತಿಸಿದ್ದು. ಡ್ರ್ಯಾಗನ್ ಹಾರುವ ಪರಿ ಎಂದು ಅರ್ಥವಂತೆ. ಚೀನೀಯರಲ್ಲೇ ಎಷ್ಟೋ ಜನಕ್ಕೆ ಓದಲು ಬಾರದಂತೆ.

"ಬೀಜಿಂಗ್ ಕಡೆ 'ದಾ' ಅಂತಾರೆ," ಎಂದ ತನ್ನ ಇಂಗ್ಲಿಷಿನಲ್ಲಿ. "ಹಿಂದೆ ಕೊನೇಲಿ 'ಪ್' ಅಂತ ತುಟಿ ಮುಚ್ತಿದ್ರು, ಬೀಜಿಂಗ್‌ನವ್ರು ಬಿಟ್ಬಿಟ್ರು. ಜಪಾನಲ್ಲಿ ಅದು ಕರಗಿ 'ತೋ' ಆಯ್ತು. ನಾವೂ ಕೊರಿಯಾದವ್ರೂ ಇನ್ನೂ ಮುಚ್ತೀವಿ. ಹೇಳು, ದಾಪ್!"

"ದಾ," ಎಂದೆ.

"ಅದು ಬೀಜಿಂಗ್! ಕ್ಯಾಂಟನ್‌ವರೆಗೂ ಬಾರಯ್ಯ."

ದಿನಾ ಬೆಳಿಗ್ಗೆ ಬೇಲಿಯ ಬಳಿ ಇದೇ ಪಾಠ. ಎಡತುಟಿಯನ್ನು ಬೆರಳಲ್ಲಿ ಎತ್ತಿ ಹಿಡಿದು ದಾ, ದಾ, ದಾ. ಒಂದು ದಿನವೂ ಅವನಿಗೆ ಬೇಸರವಾಗಲಿಲ್ಲ. ಬೇಸಿಗೆ ಬಂದು ಜಕರಾಂಡ ಮರದ ಹೂವು ಕಾರುಗಳ ಮೇಲೆ ಉದುರುವ ಹೊತ್ತಿಗೆ, ಒಂದು ಬೆಳಿಗ್ಗೆ, ತುಟಿ ಕೂಡಿತು.

"ದಾಪ್!"

ಕ್ಯಾಂಟನ್ನಿನಲ್ಲೂ ಇಷ್ಟು ಚೆನ್ನಾಗಿ ಹೇಳುವವರಿಲ್ಲ ಎಂದು ಮೇಷ್ಟ್ರು ಬೇಲಿ ದಾಟಿ ಬಂದು ನನ್ನ ಕಾಲಿಗೆ ಬಿದ್ದ. ನಾನು ಅಡುಗೆಮನೆಯ ಕಿಟಕಿಗೆ ಕೂಗಿದೆ: "ಬಾಮ್ಮಾ, ಉಪ್ಪಿಟ್ಟು ಬಡಿಸಮ್ಮಾ!"

"ಶುರುವಾಯ್ತು. ಬಾಯ್ಮುಚ್ರೀ," ಎಂದಳು. ಅಷ್ಟು ಇಂಪಾದ ಬೈಗುಳ ನಾನು ಕೇಳಿಲ್ಲ.

ಎಲ್ಲ ನಿಜ, ಒಂದನ್ನು ಬಿಟ್ಟು. ಕಾಲಿಗೆ ಬಿದ್ದದ್ದು ಅವನಲ್ಲ, ನಾನು. ನಮ್ಮ ಪದ್ಧತಿ ತಿಳಿಯದ ಮೇಷ್ಟ್ರು ನಾನು ಕುಸಿದು ಬಿದ್ದೆನೆಂದು ಗಾಬರಿಯಾಗಿ, ಎರಡೂ ತೋಳು ಹಿಡಿದು ನನ್ನನ್ನು ಎಬ್ಬಿಸಿದ.

"ಬಿದ್ದಿಲ್ಲ ಮಾರಾಯಾ," ಎಂದೆ. ಅವನಿಗೆ ಕನ್ನಡ ಬಾರದು. ಆದರೂ ಬ, ಮ ಎರಡೂ ಸ್ಪಷ್ಟವಾಗಿ ಹೇಳಿದೆ.