ಅತ್ತೆಯ ಮುಖ

ನನ್ನ ಅತ್ತೆಯನ್ನು ನಾನು ನೋಡಿಲ್ಲ. ನಮ್ಮ ಮನೆಯವರಿಗೆ ಆರು ವರ್ಷವಿದ್ದಾಗಲೇ ಅವರು ತೀರಿಕೊಂಡರು. ಉಳಿದಿದ್ದು ಒಂದೇ ಫೋಟೋ, ಯಾರದೋ ಮದುವೆಯದು. ಅದರಲ್ಲೂ ತಲೆಯ ಮೇಲಿನ ಸೆರಗಿನ ನೆರಳು ಹಣೆಯಿಂದ ಗಲ್ಲದವರೆಗೆ ಬಿದ್ದಿದೆ. ಗೋಕುಲ ರಸ್ತೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರರಾಗಿರುವ ನನ್ನ ಗಂಡ ಆ ಮುಖವನ್ನು ಬಿಡಿಸಲು ಹೋಗಿ ಕೆಡಿಸಿದ ಚಿತ್ರಗಳು ಕೇಶ್ವಾಪುರದ ನಮ್ಮ ಮನೆಯ ಅಟ್ಟದಲ್ಲಿ ಹಿಡಿಸದಷ್ಟಿವೆ. "ಇಷ್ಟ ಮಂದಿ ಅತ್ತೆಂದಿರನ್ನ ಸಂಭಾಳಿಸೂದು ನನ್ನ ಕೈಲೆ ಆಗೂದಿಲ್ರಿ" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಅವರಿಗೆ ಕಾಲೇಜಿನ ದಿನಗಳಿಂದ ಫಿಟ್ಸ್ ಇತ್ತು. ಧಾರವಾಡದ ಡಾಕ್ಟರು ಕೊಟ್ಟ ಗುಳಿಗೆಯ ದೆಸೆಯಿಂದ ಒಂಬತ್ತು ವರ್ಷ ಒಮ್ಮೆಯೂ ಬಂದಿರಲಿಲ್ಲ. ಹೋದ ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ, ರೊಟ್ಟಿ ಮುರಿಯುತ್ತಾ ಅವರು ಹೇಳಿದರು:

"ಫಿಟ್ಸ್ ಬರೂಕಿಂತ ಮೊದಲ ಅರ್ಧ ನಿಮಿಷ ಅವ್ವನ ಮಾರಿ ಕಾಣತಿತ್ತು. ಖರೇನ, ಎದರಿಗೆ ಬಂದು ಕುಂತಂಗ. ಗುಳಿಗಿ ಚಾಲೂ ಆದ ಮ್ಯಾಲೆ ಆಕಿ ಬಂದೇ ಇಲ್ಲ."

"ಬರಲಿಲ್ಲಂದ್ರ ಛಲೋನ ಆತಲ್ರಿ."

"ಗುಳಿಗಿ ಬಿಡತೇನಿ. ಮೂರು ಸಲ ಆಕಿನ್ನ ನೋಡಿದ್ರ ಸಾಕು, ಚಿತ್ರ ಮುಗಸ್ತೇನಿ."

ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬಂದು ನಿಲ್ಲದೆಯೇ ಹೋಗಬಹುದು, ಜೀವಕ್ಕೇ ಅಪಾಯ ಎಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು. ಅಳುತ್ತ ಬೈದೆ. ಎರಡು ದಿನ ಒಲೆ ಹಚ್ಚಲಿಲ್ಲ. ಅವರು ಪೇಟೆಯಿಂದ ಗಿರಮಿಟ್ಟು ತಂದು ತಿಂದರು, ನನಗೂ ಒಂದು ಪೊಟ್ಟಣ ಇಟ್ಟರು. "ನಿನಗ ಹೇಳದನ ಬಿಡಬಹುದಿತ್ತು. ಹೇಳಾಕತ್ತೇನಿ, ಯಾಕಂದ್ರ ನೀ ಮಗ್ಗಲಕ್ಕ ಇರಬೇಕು" ಎಂದರು. ಎಲ್ಲೋ ರಸ್ತೆಯಲ್ಲಿ ಒಬ್ಬರೇ ಬಿದ್ದಾರು ಎಂಬ ಭಯ ನನ್ನ ಹಟವನ್ನು ಮುರಿಯಿತು.

ಅಂಗೈಯಲ್ಲಿ ಇಷ್ಟಲಿಂಗ ಹಿಡಿಸಿ ಅವರಿಂದ ಆಣೆ ಮಾಡಿಸಿದೆ: ಮೂರೇ ಸಲ, ಆಮೇಲೆ ಗುಳಿಗೆ ಬಿಡುವ ಮಾತೇ ಇಲ್ಲ. ಅವರು ನನ್ನ ಇಷ್ಟಲಿಂಗ ಮುಟ್ಟಿಸಿ ನನ್ನಿಂದ ಆಣೆ ಮಾಡಿಸಿದರು: ಡಾಕ್ಟರಿಗಾಗಲಿ ತಮ್ಮ ಅಕ್ಕನಿಗಾಗಲಿ ಹೇಳಕೂಡದು. ನಮ್ಮ ಎರಡೂ ಮನೆತನಗಳಲ್ಲಿ ಲಿಂಗ ಮುಟ್ಟಿ ಆಡಿದ ಮಾತು ಮುರಿದವರಿಲ್ಲ. ಅವರನ್ನು ಕಟ್ಟಿಹಾಕಲು ಹೋಗಿ ನಾನೇ ಕಟ್ಟಿಸಿಕೊಂಡೆ.

ಬಚ್ಚಲಮನೆಯ ಚಿಲಕ ತೆಗೆಸಿದೆ. ಗಾಜಿನ ಲೋಟಗಳನ್ನು ಮೇಲಿಟ್ಟೆ. ಅವರು ತಂಬಿಗೆ ಕೆಳಗಿಟ್ಟ ಸದ್ದಿಗೂ ಎದ್ದು ಓಡುತ್ತಿದ್ದೆ. ಗುಳಿಗೆ ಬಿಟ್ಟ ಹನ್ನೆರಡನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದವರು "ಬಂದ್ಲು" ಎಂದರು. ಕಣ್ಣು ಒಂದೇ ಕಡೆ ನಿಂತಿತು, ಕಪ್ಪು ಉರುಳಿತು. ಡಾಕ್ಟರು ಕಲಿಸಿದ ಹಾಗೆ ಮಗ್ಗುಲಾಗಿ ಮಲಗಿಸಿದೆ. ಡಾಕ್ಟರೇ ಬೇಡವೆಂದು ನಕ್ಕಿದ್ದ ಕೀಲಿಕೈ ಗೊಂಚಲನ್ನೂ ಹೆದರಿಕೆಗೆ ಮುಷ್ಟಿಯಲ್ಲಿ ಇಟ್ಟೆ. ಎರಡು ನಿಮಿಷದಲ್ಲಿ ನಿಂತಿತು. ಒಂದು ತಾಸು ಮಲಗಿ ಎದ್ದವರೇ ಇದ್ದಿಲಿನಿಂದ ಹಣೆ, ಕಣ್ಣು ಬಿಡಿಸಿದರು.

ಬೈಯಬೇಕೆಂದು ಹೋದವಳು ಚಿತ್ರದೆದುರು ನಿಂತುಬಿಟ್ಟೆ. ಹಸಿದು ಸಾಲಿಯಿಂದ ಬಂದ ಮಗನನ್ನು ನೋಡುವ ಕಣ್ಣುಗಳವು. ನಾನು ಕೆಟ್ಟದ್ದು ಅಲ್ಲಿಂದಲೇ.

ಎರಡನೆಯದು ಒಂಬತ್ತು ದಿನಕ್ಕೆ ಬಂತು. ನಾಲಿಗೆ ಕಚ್ಚಿಕೊಂಡು ದಿಂಬೆಲ್ಲ ರಕ್ತವಾಯಿತು. ಅಂದು ಬಣ್ಣದಲ್ಲಿ ಮೂಗು ಕೆನ್ನೆ ಮೂಡಿದವು. ನಾನು ದಿಂಬಿನ ಚೀಲ ಒಗೆದು ಒಣಹಾಕಿ, ಚಿತ್ರದ ಬಣ್ಣ ಒಣಗಿದೆಯೋ ಎಂದು ನೋಡಲು ಹೋದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಇನ್ನು ಬಾಯಿಯೊಂದೇ ಬಾಕಿ. ಮೂರನೆಯದು ಬಂದೀತೆಂದು ಹೆದರುತ್ತಿದ್ದೆ, ಬಾರದೆ ಹೋದೀತೆಂದೂ ಹೆದರುತ್ತಿದ್ದೆ.

ರವಿವಾರ ಮಧ್ಯಾಹ್ನ ಅವರು ನಿಂತು ಸೆರಗಿನ ಅಂಚಿಗೆ ಬಣ್ಣ ಹಚ್ಚುತ್ತಿದ್ದರು. ಈ ಸಲ "ಬಂದ್ಲು" ಎನ್ನಲಿಲ್ಲ. ಮೈ ಒಮ್ಮೆಲೇ ಸೆಟೆಯಿತು, ಕೈ ಬಡಿದು ಚಿತ್ರದ ಸ್ಟ್ಯಾಂಡು ವಾಲಿತು. ಚಿತ್ರ ಒಂದು ಕಡೆಗೆ, ಅವರು ಇನ್ನೊಂದು ಕಡೆಗೆ. ನಾನು ನಡುವೆ ಇದ್ದೆ. ಎರಡೂ ಕೈಗೆಟಕುತ್ತಿದ್ದವು.

ನಾನು ಚಿತ್ರವನ್ನು ಹಿಡಿದೆ.

ಯೋಚಿಸಿ ಮಾಡಿದ್ದಲ್ಲ ಎಂದು ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ಹಸಿ ಬಣ್ಣ ತಾಗದಂತೆ ಅದನ್ನು ಗೋಡೆಗೆ ಆನಿಸಿ ಇಟ್ಟೆನಲ್ಲ, ಅದಕ್ಕೇನು ಹೇಳಲಿ? ತಿರುಗುವಷ್ಟರಲ್ಲಿ ಅವರ ತಲೆ ಕಲ್ಲಿನ ಕಟ್ಟೆಯ ಅಂಚಿಗೆ ಬಡಿದಿತ್ತು. ರಕ್ತ ಹರಿಯುತ್ತಿತ್ತು, ಫಿಟ್ಸ್ ನಿಲ್ಲಲಿಲ್ಲ. ನನ್ನ ಚೀರಾಟಕ್ಕೆ ಬಂದ ಪಕ್ಕದ ಮನೆಯ ಕಾಕಾ ಆಟೋ ತಂದರು. ಆಸ್ಪತ್ರೆಯವರೆಗೂ ಅವರ ಮೈ ನನ್ನ ತೊಡೆಯ ಮೇಲೆ ಅದುರುತ್ತಲೇ ಇತ್ತು. ಸತ್ತೇ ಹೋದರು ಎಂದುಕೊಂಡೆ.

ಅಲ್ಲಿ ನಾನು ಆಣೆ ಮುರಿದೆ. ಎಲ್ಲವನ್ನೂ ಹೇಳಿದೆ. ಆಸ್ಪತ್ರೆಯ ಡಾಕ್ಟರು ಬೈಯಲಿಲ್ಲ. "ಗೊತ್ತಿದ್ದೂ ಮಗ್ಗಲಕ್ಕ ಕುಂತಿದ್ರೇನ್ರಿ?" ಎಂದಷ್ಟೇ ಕೇಳಿದರು.

ಮೂರನೆಯ ದಿನ ಅವರಿಗೆ ಪೂರ್ತಿ ಎಚ್ಚರ ಬಂತು. ತಲೆಗೆ ಹನ್ನೊಂದು ಹೊಲಿಗೆ. ಒಣಗಿದ ತುಟಿಗೆ ನೀರು ಮುಟ್ಟಿಸಿದೆ.

"ಚಿತ್ರ?"

"ಏನೂ ಆಗಿಲ್ರಿ."

"ಬೀಳಲಿಲ್ಲಾ?"

"ನಾ ಹಿಡಕೊಂಡೆನ್ರಿ."

ನನ್ನನ್ನು ಯಾಕೆ ಹಿಡಿಯಲಿಲ್ಲ ಎಂದು ಕೇಳುತ್ತಾರೆಂದು ಕಾದೆ. ಕೇಳಿದ್ದರೆ ಕಾಲು ಹಿಡಿದು ಅಳುತ್ತಿದ್ದೆ. ಅವರು ನನ್ನ ಕೈಯನ್ನು ಮೆಲ್ಲಗೆ ಅದುಮಿದರು.

"ಛಲೋ ಮಾಡಿದಿ" ಎಂದರು. ಆಮೇಲೆ, "ಈ ಸಲ ಆಕಿ ಬರಲಿಲ್ಲ. ಹಂಗಂದ್ರ ಇದು ಮೂರರಾಗ ಬರೂದಿಲ್ಲ. ಇನ್ನೊಂದು ಉಳದೈತಿ" ಎಂದರು.

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ, ಚಿತ್ರದಲ್ಲಿ ತುಟಿಗಳಿರಬೇಕಾದ ಆ ಖಾಲಿ ಜಾಗ ನನ್ನ ಕಣ್ಣ ಮುಂದೆ ಬಂತು. ಇಲ್ಲ ಎಂದೆ, ಆದರೆ ತಡವಾಗಿ. ಆ ತಡವನ್ನು ಅವರು ನೋಡಿದರು.