ರಾಗಿ ಹಿಟ್ಟಿನ ಕೈ

ದೆವ್ವ, ಗಾಳಿ, ಮೈಮೇಲೆ ಬರುವುದು, ಇದನ್ನೆಲ್ಲ ನಂಬಿದವಳಲ್ಲ ನಾನು. ಯಾರಾದರೂ ಅಂಥ ಕಥೆ ತೆಗೆದರೆ ಎದ್ದು ದನಕ್ಕೆ ಹುಲ್ಲು ಹಾಕಲು ಹೋಗುತ್ತಿದ್ದೆ. ಈಗಲೂ ಹೋಗುತ್ತೇನೆ. ಆದರೆ ಒಂದು ವಿಷಯ ಮಾತ್ರ ಇವತ್ತಿಗೂ ನನಗೆ ಬಗೆಹರಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬಿ ಅಂತ ನಿಮ್ಮನ್ನೇನೂ ಕೇಳುವುದಿಲ್ಲ.

ಆಗ ನಾವು ಅಮೃತಾಪುರದಲ್ಲಿದ್ದೆವು. ಮಗಳು ಗೌರಿಗೆ ನಾಲ್ಕು ವರ್ಷ. ಒಂದು ಬೆಳಗ್ಗೆ ಅಟ್ಟದ ಏಣಿಯಿಂದ ಬಿದ್ದು ಎಡಗೈ ಮುರಿದುಕೊಂಡಳು. ಮೊಣಕೈ ಹತ್ತಿರ ಮೂಳೆ ಸರಿದು ಉಬ್ಬಿ ನಿಂತಿತ್ತು. ಯಜಮಾನರು ಗಾಡಿ ಹೂಡಿದರು. ನಾನು ಸೀರೆ ಬದಲಾಯಿಸಿ ಬರುವಷ್ಟರಲ್ಲಿ ಮಗು ನಮ್ಮತ್ತೆ ತೊಡೆ ಮೇಲಿತ್ತು, ಕಿರುಚಾಟ ಸ್ವಲ್ಪ ಇಳಿದಿತ್ತು. ಅತ್ತೆಗೆ ಮೊಣಕಾಲು ನೋವು, ಗಾಡಿ ಹತ್ತುವ ಹಾಗಿರಲಿಲ್ಲ. ಮನೆಯಲ್ಲೇ ಉಳಿದರು. ದಾರಿಯಲ್ಲಿ ಮಗು ತೂಕಡಿಸಿತು. ಅತ್ತು ಸುಸ್ತಾಗಿದೆ ಅಂದುಕೊಂಡೆ.

ತರೀಕೆರೆಯಲ್ಲಿ ಮನೆಯಲ್ಲೇ ರೋಗಿಗಳನ್ನು ನೋಡುವ ಡಾಕ್ಟರೊಬ್ಬರಿದ್ದರು. ಅವತ್ತು ಅವರ ಕಾಂಪೌಂಡರು ಬಂದಿರಲಿಲ್ಲ. ಯಜಮಾನರು ಹೊರಗೆ ಎತ್ತು ಕಟ್ಟುತ್ತಿದ್ದರು. ಡಾಕ್ಟರು ನನ್ನನ್ನೇ ಒಳಗೆ ಕರೆದರು.

“ಮೂಳೆ ಕೂರಿಸಬೇಕಮ್ಮ. ನೋವು ಗೊತ್ತಾಗದ ಹಾಗೆ ಕ್ಲೋರೋಫಾರಂ ಮೂಸಿಸ್ತೀನಿ. ಮಗೂಗೆ ಏನಾದ್ರೂ ಕೊಟ್ಟಿದ್ದೀಯಾ?”

“ಎರಡು ಗುಟುಕು ನೀರು ಸ್ವಾಮಿ, ಅಷ್ಟೇ.”

ಬಟ್ಟೆಯ ಮೇಲೆ ಔಷಧಿ ತೊಟ್ಟಿಕ್ಕಿಸಿ ಮೂಗಿನ ಹತ್ತಿರ ಹಿಡಿದರು. ನನ್ನ ಅಂಗೈಯನ್ನು ಮಗುವಿನ ಎದೆಯ ಮೇಲಿಡಿಸಿ, ಬಡಿತ ನಿಧಾನವಾದರೆ ಹೇಳು ಅಂದರು. ಮೊದಲು ಪಟಪಟ ಹೊಡೆಯುತ್ತಿದ್ದದ್ದು ನೋಡನೋಡುತ್ತ ನಿಧಾನವಾಯಿತು. ಒಂದು ಬಡಿತ ಆಗಿ ಇನ್ನೊಂದಕ್ಕೆ ಕಾಯಬೇಕಾಯಿತು. “ಸ್ವಾಮಿ” ಅಂದೆ. ಆಮೇಲೆ ಕಾದರೂ ಬರಲಿಲ್ಲ.

ಡಾಕ್ಟರು ಬಟ್ಟೆ ಕಿತ್ತೆಸೆದರು. ಅಷ್ಟರಲ್ಲಿ ತಟ್ಟನೆ ತಲೆಯೆತ್ತಿ ನನ್ನ ಬೆನ್ನ ಹಿಂದಿನ ಬಾಗಿಲ ಕಡೆ ನೋಡಿ ಕೇಳಿದರು.

“ಏನಂದಿರಿ? ಯಾವಾಗ ಕೊಟ್ಟಿರಿ? ಎಷ್ಟು?”

ನನ್ನನ್ನೇ ಕೇಳಿದ್ದು ಅಂದುಕೊಂಡು, “ಏನೂ ಕೊಟ್ಟಿಲ್ಲ ಸ್ವಾಮಿ” ಅಂದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಬಾಗಿಲ ಕಡೆಗೇ ತಲೆಯಾಡಿಸಿ, ಬೀರುವಿನಿಂದ ಬೇರೆ ಔಷಧಿ ತೆಗೆದು ಸೂಜಿಯಲ್ಲಿ ಚುಚ್ಚಿದರು. ಎದೆ ಒತ್ತುವುದು, ಬಿಡುವುದು. ನನ್ನ ಅಂಗೈ ಕೆಳಗೆ ಒಂದು ಬಡಿತ ಬಂತು. ಆಮೇಲೆ ಇನ್ನೊಂದು. ಗೌರಿ ಕೆಮ್ಮಿದಳು.

ಮಧ್ಯಾಹ್ನ ಮೂಳೆ ಕೂರಿಸಿ ಕೈಗೆ ಪಟ್ಟಿ ಕಟ್ಟಿದ ಮೇಲೆ ಡಾಕ್ಟರು ನನ್ನನ್ನು ಬೈದರು. “ನೀನು ಮುಚ್ಚಿಟ್ಟೆ. ಪುಣ್ಯಕ್ಕೆ ಆ ಮುದುಕಮ್ಮ ಹೇಳಿದ್ರು. ಎಳ್ಳುಕಾಳಿನಷ್ಟು ಅಫೀಮು, ಹರಳೆಣ್ಣೆಯಲ್ಲಿ ತೇದು ನೆಕ್ಕಿಸಿದ್ದಂತೆ. ತಿಳಿದಿದ್ದರೆ ನಾನು ಕ್ಲೋರೋಫಾರಂ ಮುಟ್ಟುತ್ತಲೇ ಇರಲಿಲ್ಲ. ಎಲ್ಲಿ ಹೋದ್ರು ಅವರು?”

“ಯಾವ ಮುದುಕಮ್ಮ ಸ್ವಾಮಿ?”

“ಬಾಗಿಲಲ್ಲಿ ನಿಂತಿದ್ರಲ್ಲಮ್ಮ. ಮುಂದಿನ ಹಲ್ಲಿಲ್ಲ. ಎರಡೂ ಕೈಗೆ ರಾಗಿ ಹಿಟ್ಟು.”

ನಾನು ಬಾಗಿಲಿಗೆ ಬೆನ್ನು ಹಾಕಿದ್ದು ನಿಜ. ಆದರೆ ಕಿವಿ ಇತ್ತಲ್ಲ? ಡಾಕ್ಟರ ಮಾತು ಬಿಟ್ಟು ಬೇರೆ ಒಂದು ಸೊಲ್ಲೂ ಕೇಳಿಸಲಿಲ್ಲ. ಹೊರಗಿದ್ದ ಯಜಮಾನರೂ ಯಾರೂ ಒಳಗೆ ಬರಲಿಲ್ಲ ಅಂದರು.

ಮಕ್ಕಳಿಗೆ ಅಫೀಮು ನೆಕ್ಕಿಸುವುದು ಆಗ ನಮ್ಮ ಕಡೆ ಹೊಸದಲ್ಲ. ನಾಟಿ ದಿನ ಕೂಸು ಮಲಗಲಿ ಅಂತ ಎಲ್ಲರೂ ಕೊಡುತ್ತಿದ್ದರು. ಸರ್ಕಾರದ ಲೈಸೆನ್ಸಿನ ಅಂಗಡಿಯಲ್ಲೇ ಸಿಗುತ್ತಿತ್ತು. ಅದನ್ನು ಔಷಧಿ ಅಂತಲೂ ಯಾರೂ ಎಣಿಸುತ್ತಿರಲಿಲ್ಲ.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಮುಂದಿನ ಹಲ್ಲಿಲ್ಲದ ಬಾಯಲ್ಲಿ ಮೊದಲು ನನ್ನ ಮೇಲೇ ರೇಗಿದರು. “ಹೂಂ ಕಣೇ, ಹರಳೆಣ್ಣೇಲಿ ತೇದು ಕೊಟ್ಟೆ. ನಿನ್ ಗಂಡನ್ನೂ ಅದ್ನೇ ಕೊಟ್ಟು ಸಾಕಿದ್ದು. ಸತ್ನಾ ಅವ್ನು?” ಆಮೇಲೆ ತಾವೇ ಹೇಳಿದರು. “ನೀವ್ ಹೋದ್ಮೇಲೆ ರಾಗಿ ಬೀಸ್ತಾ ಕೂತಿದ್ದೆ. ಇದ್ದಕ್ಕಿದ್ದಂಗೆ ಎದೆ ಹಿಡ್ಕಂತು. ಅಯ್ಯೋ, ಹೇಳ್ದೆ ಕಳಿಸ್ಬಿಟ್ನಲ್ಲ ಅಂತ. ಯಾರ್ಗೆ ಹೇಳ್ಲಿ? ಬೀಸೋ ಕಲ್ಲಿಗೇ ಹೇಳ್ದೆ.”

ಓದಿದ ಮೊಮ್ಮಗನೊಬ್ಬ ಮಗುವಿನ ಕಣ್ಣುಗುಡ್ಡೆ ನೋಡಿಯೇ ಡಾಕ್ಟರು ಅಫೀಮು ಪತ್ತೆ ಹಚ್ಚಿರುತ್ತಾರೆ ಅನ್ನುತ್ತಾನೆ. ಇರಬಹುದು. ಹರಳೆಣ್ಣೆಯನ್ನು ಯಾವ ಕಣ್ಣಲ್ಲಿ ನೋಡಿದರು, ರಾಗಿ ಹಿಟ್ಟನ್ನು ಎಲ್ಲಿ ನೋಡಿದರು ಅಂದರೆ ಮಾತು ಬದಲಿಸುತ್ತಾನೆ.

ತಿಂಗಳ ಮೇಲೆ ಪಟ್ಟಿ ಬಿಚ್ಚಿಸಲು ಹೊರಟಾಗ ಅತ್ತೆಯನ್ನೂ ಕರೆದೆ. ಎತ್ತಿ ಗಾಡಿಗೆ ಕೂರಿಸುತ್ತೇವೆ ಅಂದರೂ ಒಪ್ಪಲಿಲ್ಲ.

“ಬ್ಯಾಡ ಕಣೇ. ಆ ಡಾಕ್ಟ್ರು ಗುರುತು ಹಿಡುದ್ರೆ ನಾನೇನು ಹೇಳ್ಲಿ?”