ನಲವತ್ತು ದಿನದ ಹೆಸರು

ಎಳೆಮಕ್ಕಳ ಹೊದಿಕೆಗಳ ಮೇಲೆ ಹೆಸರನ್ನು ಕಸೂತಿ ಮಾಡುವುದು ಆಕೆಯ ಕೆಲಸ. ಸಾಮಾನ್ಯವಾಗಿ ಗಿರಾಕಿ ಹೆಸರು ಬರೆದುಕೊಟ್ಟ ಮೇಲೆಯೇ ಹೊಲಿಯುವುದು. ಒಂದು ಹೆಸರನ್ನು ಮಾತ್ರ ಅಂಗಡಿಯ ಯಜಮಾನ ಮೊದಲೇ ಹೊಲಿಸಿ ಕಪಾಟಿನಲ್ಲಿ ಜೋಡಿಸಿಡುತ್ತಾನೆ. ಮುಂಜಾವಿನ ಮೊದಲ ಬೆಳಕು ಎಂದು ಅದರ ಅರ್ಥ.

"ಹುಟ್ಟೋ ಗಂಡುಮಕ್ಕಳಿಗೆಲ್ಲ ಇದೇ ಹೆಸರು. ಮೇಷ್ಟ್ರು ಒಂದ್ಸಲ ಕೂಗಿದ್ರೆ ಅರ್ಧ ಕ್ಲಾಸು ಎದ್ದು ನಿಲ್ಲುತ್ತೆ ನೋಡಕ್ಕ," ಎಂದು ನಗುತ್ತಾನೆ.

ಇಪ್ಪತ್ತೊಂಬತ್ತು ವರ್ಷದ ಹಿಂದೆ, ಯಾರೂ ಕೇಳಿರದ ಆ ಹೆಸರನ್ನು ಆಕೆ ತನ್ನ ಮಗನಿಗೆ ಇಟ್ಟಿದ್ದಳು. "ಇದೇನು, ಕೆಮ್ಮಿನ ಔಷಧಿ ಹೆಸರಿದ್ದ ಹಾಗಿದೆ," ಎಂದು ಅತ್ತೆ ಮೂಗು ಮುರಿದರು. ನಲವತ್ತು ದಿನ ಕಳೆಯುವುದರೊಳಗೆ ಅವರೇ ಬೇರೆ ಹೆಸರಿಟ್ಟರು. ಮುಂದೆ ಮದುವೆ ಮುರಿದಾಗ ಮಗು ಅವರ ಮನೆಯಲ್ಲೇ ಉಳಿಯಿತು. ಆಕೆ ಬಾಡಿಗೆಯ ಒಂಟಿ ಕೋಣೆಗೆ ಬಂದಳು. ಮಗ ಈಗ ವರ್ಷಕ್ಕೆ ಎರಡು ಮೂರು ಸಲ ಫೋನ್ ಮಾಡುತ್ತಾನೆ. ಮೊದಲ ಹೆಸರಿನ ವಿಷಯ ಅವನಿಗೆ ಯಾರೂ ಹೇಳಿಲ್ಲ.

ಕಳೆದ ವಾರ ಮಧ್ಯಾಹ್ನ ಆಕೆ ಹೊಲಿಗೆ ಮಿಷನ್ ಮುಂದಿದ್ದಾಗ ಅವನ ಫೋನ್ ಬಂತು.

"ಅಮ್ಮ, ಗಂಡು ಮಗು. ಹೆಸರೂ ಇಟ್ಟಾಯ್ತು," ಎಂದು ಅದೇ ಹೆಸರು ಹೇಳಿದ. "ನಿನ್ನ ಸೊಸೆ ಮೊಬೈಲಲ್ಲಿ ಹುಡುಕಿದ್ದು. ಹೇಗಿದೆ?"

ಅದು ನಿನ್ನದೇ ಹೆಸರು ಎಂಬ ಮಾತು ಆಕೆಯ ಬಾಯಿ ತನಕ ಬಂತು. ಆದರೆ ಅದು ಅತ್ತೆಯ ಕಿವಿಗೆ ಬಿದ್ದರೆ ಈ ಮಗುವಿನ ಹೆಸರೂ ಬದಲಾದೀತೆಂದು ಅಂಜಿದಳು.

"ಚೆನ್ನಾಗಿದೆ ಕಣೋ."

"ಅರ್ಥ ಗೊತ್ತಾ ನಿಂಗೆ?"

"ಇಲ್ಲಪ್ಪ," ಎಂದಳು ಆಕೆ. "ನೀನೇ ಹೇಳು."